ಬಿಳಿ ನಕ್ಷತ್ರದ ಪೆಟೂನಿಯಾ, ಗಂಟುಬಿದ್ದ ಬೇರು

ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಿಂದ ಲಾಲ್‌ಬಾಗ್ ನಡೆದು ಹೋಗುವಷ್ಟು ಹತ್ತಿರ. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ಗಾಜಿನ ಮನೆಯ ಕಡೆಗೇ ನುಗ್ಗುತ್ತಾರೆ. ಹೊರಗೆ ಕುಂಡಗಳಲ್ಲಿ ಸಾಲಾಗಿ ನಿಂತ ಪೆಟೂನಿಯಾವನ್ನು ಬಗ್ಗಿ ನೋಡುವವರು ಕಡಿಮೆ. ಅದರಲ್ಲಿ ಒಂದು ಬಗೆಯಿದೆ: ನೇರಳೆಯೋ ಕೆಂಪೋ ಆದ ಹೂವಿನ ನಡುವಿನಿಂದ ಐದು ಬಿಳಿ ಪಟ್ಟೆಗಳು ಅಂಚಿನವರೆಗೆ ಚಾಚಿ ನಕ್ಷತ್ರ ಮೂಡಿಸುತ್ತವೆ. ಅಲಂಕಾರದ ಹೂಗಳ ತಳಿ ಬೆಳೆಸುವಲ್ಲಿ ಕಿರು ಆರ್‌ಎನ್‌ಎಗಳ ಪಾತ್ರ ಏನು ಎಂಬ ಪ್ರಶ್ನೆಗೆ ಉತ್ತರವನ್ನು ಪ್ರಯೋಗಾಲಯದ ವರದಿಗಳಿಗಿಂತ ಮೊದಲು ಈ ಹೂವನ್ನೇ ಕೇಳಬೇಕು.

ಪೆಟೂನಿಯಾದ ಬಣ್ಣಕ್ಕೆ ಬೇಕಾದ ಮೊದಲ ಕಿಣ್ವಗಳಲ್ಲಿ ಒಂದು ಚಾಲ್ಕೋನ್ ಸಿಂಥೇಸ್. ಅದನ್ನು ತಯಾರಿಸುವ ವಂಶವಾಹಿಯ ಸಂದೇಶ ಆರ್‌ಎನ್‌ಎ ರೂಪದಲ್ಲಿ ಹೊರಡುತ್ತದೆ. ನಕ್ಷತ್ರದ ಬಿಳಿ ಭಾಗದಲ್ಲಿ ಗಿಡವೇ ಆ ಸಂದೇಶವನ್ನು ಇಪ್ಪತ್ತೊಂದು ಅಕ್ಷರಗಳ ಆಸುಪಾಸಿನ ತುಂಡುಗಳಾಗಿ ಕತ್ತರಿಸಿಬಿಡುತ್ತದೆ. ಈ ತುಂಡುಗಳೇ ಕಿರು ಆರ್‌ಎನ್‌ಎಗಳು. ತಮಗೆ ಹೊಂದುವ ಸಂದೇಶ ಎಲ್ಲೆಲ್ಲಿ ಸಿಕ್ಕರೂ ಅದನ್ನು ಕಡಿಸಿಹಾಕುತ್ತವೆ. ಸಂದೇಶವಿಲ್ಲದ ಮೇಲೆ ಕಿಣ್ವವಿಲ್ಲ, ಬಣ್ಣವೂ ಇಲ್ಲ. ಇಂಥ ಗಿಡಕ್ಕೆ ಕೆಲವು ವೈರಸ್ ತಗುಲಿದರೆ ಬಿಳಿ ಪಟ್ಟೆಯಲ್ಲೂ ಬಣ್ಣ ತುಂಬಿಕೊಳ್ಳುತ್ತದೆ. ಕಿರು ಆರ್‌ಎನ್‌ಎ ಗಿಡಕ್ಕೆ ವೈರಸ್ ವಿರುದ್ಧದ ಆಯುಧವೂ ಹೌದು; ವೈರಸ್ ಆ ಆಯುಧವನ್ನು ಮುರಿದಾಗ ಅಡಗಿದ್ದ ಬಣ್ಣ ಮೇಲೆ ಬರುತ್ತದೆ. ಅಂದರೆ ತುಂಬುಬಣ್ಣದ ಹೂವು ರೋಗಿಯದ್ದಾಗಿರಬಹುದು. ಪ್ರದರ್ಶನದ ತೀರ್ಪುಗಾರರು ಕೊಂಚ ಎಚ್ಚರದಿಂದಿರುವುದು ಒಳ್ಳೆಯದು.

ಈ ತಳಿಯನ್ನು ಆರಿಸಿ ಉಳಿಸಿದವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರದು ಕಣ್ಣಿನ ಮತ್ತು ಕೈಯ ವಿದ್ಯೆ. ಮೊಗ್ಗು ಅರಳುವ ಮೊದಲೇ ಚಿಮುಟದಿಂದ ಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ, ಬೀಜ ಕಟ್ಟಿಸುವ ಕೆಲಸ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದಾಗ ನೆಚ್ಚಿಕೊಂಡದ್ದು ಈ ವಿದ್ಯೆಯನ್ನೇ.

ವಿಜ್ಞಾನ ಬಂದದ್ದು ಆಮೇಲೆ, ಅದೂ ಎಡವಿಕೊಂಡು. ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿದ್ದ ರಿಚರ್ಡ್ ಯೋರ್ಗೆನ್ಸನ್, ಕ್ಯಾರೊಲಿನ್ ನಪೋಲಿ ಮತ್ತು ಸಂಗಡಿಗರು ಪೆಟೂನಿಯಾದ ನೇರಳೆಯನ್ನು ಇನ್ನಷ್ಟು ಗಾಢವಾಗಿಸಲು ಅದೇ ಬಣ್ಣದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಸೇರಿಸಿದರು. ಹಲವು ಗಿಡಗಳಲ್ಲಿ ಅರಳಿದ್ದು ಬಿಳಿ ಹೂವು, ಅರೆಬಿಳಿ ಹೂವು. ಅವರ ವರದಿ 1990ರಲ್ಲಿ ಪ್ರಕಟವಾಯಿತು. ಆಮ್‌ಸ್ಟರ್‌ಡ್ಯಾಮಿನ ತಂಡವೂ ಅದೇ ವರ್ಷ ಅದನ್ನೇ ಕಂಡಿತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಪುಟ್ಟ ಜಂತುಹುಳುವಿನಲ್ಲಿ ವಂಶವಾಹಿಯ ಈ ಬಾಯಿಕಟ್ಟುವಿಕೆಯ ಗುಟ್ಟು ಬಿಡಿಸಿದರು. ಮರುವರ್ಷ ವಿಜ್ಞಾನಿಗಳಾದ ಹ್ಯಾಮಿಲ್ಟನ್ ಮತ್ತು ಬಾಲ್ಕೊಂಬ್ ಗಿಡಗಳಲ್ಲಿ ಆ ಕಿರು ತುಂಡುಗಳನ್ನೇ ಹಿಡಿದು ತೋರಿಸಿದರು. 2006ರ ನೊಬೆಲ್ ಮಾತ್ರ ಹುಳುವಿನವರ ಪಾಲಾಯಿತು. ಹೂವಿನವರಿಗೆ ಉಲ್ಲೇಖವಷ್ಟೇ ಉಳಿಯಿತು.

ಇಷ್ಟು ತಿಳಿದ ಮೇಲೆ ಹೂವಿನ ಲೋಕಕ್ಕೆ ದಕ್ಕಿದ್ದೇನು? ನನ್ನ ಲೆಕ್ಕದಲ್ಲಿ ತಿಳಿವಳಿಕೆ ಬಹಳ, ಹೂವು ಕಡಿಮೆ. ಸೇವಂತಿಗೆಯ ಉದಾಹರಣೆ ನೋಡಿ. ಬಿಳಿ ಸೇವಂತಿಗೆ ಹಳದಿ ಬಣ್ಣವನ್ನು ತಯಾರಿಸಲಾರದು ಎಂದು ತಿಳಿಯುವುದು ಸಹಜ. ಅದು ತಯಾರಿಸುತ್ತದೆ, ಆದರೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ ಎಂದು ಜಪಾನಿನ ಓಮಿಯಾ ತಂಡ 2006ರಲ್ಲಿ ತೋರಿಸಿತು. ಆ ಕಿಣ್ವದ ವಂಶವಾಹಿಯನ್ನು ಆರ್‌ಎನ್‌ಎಯಿಂದ ಅಡಗಿಸಿದಾಗ ಬಿಳಿ ಹೂವು ಹಳದಿಯಾಯಿತು. ಸೊಗಸಾದ ಪ್ರಯೋಗ, ಅನುಮಾನವಿಲ್ಲ. ಆದರೆ ಬಿಳಿ ಸೇವಂತಿಗೆಯ ಗಿಡದಲ್ಲಿ ಒಂದು ಕೊಂಬೆ ತಾನಾಗಿಯೇ ಹಳದಿಗೆ ತಿರುಗುವುದು ಬೆಳೆಗಾರರಿಗೆ ಹೊಸದಲ್ಲ. ಅದನ್ನು ಕತ್ತರಿಸಿ ನೆಟ್ಟರೆ ತಳಿ ಸಿದ್ಧ. ಕೆ.ಆರ್. ಮಾರುಕಟ್ಟೆಯಲ್ಲಿ ಹಳದಿ ಸೇವಂತಿಗೆಗೆ ಬರ ಬಂದದ್ದನ್ನು ಯಾರು ಕಂಡಿದ್ದಾರೆ?

ದಳಗಳ ಸುತ್ತು ಹೆಚ್ಚಿಸುವ ವಿಷಯ ಇದಕ್ಕಿಂತ ಗಟ್ಟಿ. ಹೂವಿನಲ್ಲಿ ಯಾವುದು ದಳ, ಯಾವುದು ಕೇಸರ ಎಂದು ಗೆರೆ ಎಳೆಯುವ ಕೆಲಸದಲ್ಲಿ ಮೈಆರ್172 ಎಂಬ ಕಿರು ಆರ್‌ಎನ್‌ಎಗೆ ಪಾಲಿದೆ. ಅದು ಬಂದು ಕೂರುವ ಜಾಗ ಒಂದು ವಂಶವಾಹಿಯಲ್ಲಿ ಹಾಳಾದರೆ ಗೆರೆ ಜಾರುತ್ತದೆ, ಕೇಸರಗಳು ದಳಗಳಾಗುತ್ತವೆ. ಗುಲಾಬಿ, ಕಾರ್ನೇಶನ್, ಪೆಟೂನಿಯಾ ಮೂರರಲ್ಲೂ ಸುತ್ತು ಹೂವಿನ ಹಿಂದೆ ಇದೇ ಬಗೆಯ ದೋಷ ಸಿಕ್ಕಿದೆ. ಜನ ಮೆಚ್ಚಿ ಕೊಳ್ಳುವ ತುಂಬು ಗುಲಾಬಿ ಕಿರು ಆರ್‌ಎನ್‌ಎ ಸೋತ ಕಡೆ ಅರಳಿದ್ದು! ಹೊರಗಿನ ವಂಶವಾಹಿ ಸೇರಿಸದೆ, ಅದೊಂದು ಜಾಗವನ್ನು ತಿದ್ದಿದರೆ ಸಾಕು ಎನ್ನುವುದು ತಳಿಗಾರನಿಗೆ ನಿಜವಾದ ಸುದ್ದಿ. ಇಂಥ ಸರಳ ತಿದ್ದುಪಡಿಗಳಿಗೆ 2022ರಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬೆಳೆಗಳ ಕಟ್ಟುನಿಟ್ಟಿನಿಂದ ವಿನಾಯಿತಿಯನ್ನೂ ಕೊಟ್ಟಿದೆ.

ಸಂಕರ ತಳಿಗಳ ಮಟ್ಟಿಗೂ ಸ್ವಾರಸ್ಯದ ಮಾತೊಂದಿದೆ. ಈಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿರುವ ಪಿ.ವಿ. ಶಿವಪ್ರಸಾದ್ ಅವರು ಬಾಲ್ಕೊಂಬ್ ಜೊತೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೊಮೆಟೊ ಸಂಕರದ ಪೀಳಿಗೆಗಳಲ್ಲಿ ತಂದೆತಾಯಿ ಎರಡರಲ್ಲೂ ಇಲ್ಲದ ಪ್ರಮಾಣದ ಕಿರು ಆರ್‌ಎನ್‌ಎಗಳು ಕಂಡವು. ಮಗು ಇಬ್ಬರನ್ನೂ ಹೋಲದ ಒಗಟಿಗೆ ಇದು ಒಂದು ಉತ್ತರ.

ಇಷ್ಟಾದರೂ ಈ ಸಂಶೋಧನೆಯ ಗಮನ ಹೂದಾನಿಯ ಹೂವಿನ ಮೇಲೆ, ಅದರ ಬಣ್ಣದ ಮೇಲೆ ಅತಿಯಾಯಿತು ಎಂಬುದು ನನ್ನ ತಕರಾರು. ನಮ್ಮದು ಬಿಡಿಹೂವಿನ ನಾಡು. ಮಾರು ಲೆಕ್ಕದಲ್ಲಿ ಕಟ್ಟಿ ಮಾರುವ ನಾಡು. ಇಲ್ಲಿಯ ಸಂಕಟ ದಳದಲ್ಲಿಲ್ಲ, ಬೇರಿನಲ್ಲಿದೆ. ಡೆಲ್ಲಿ ಕನಕಾಂಬರ ಎಂಬ ತಳಿಯ ತೋಟಕ್ಕೆ ಹೋಗಿ ಒಣಗಿದ ಗಿಡ ಕಿತ್ತರೆ ಬೇರಿನ ತುಂಬ ಗಂಟು: ಬೇರುಗಂಟು ಜಂತುಹುಳುವಿನ ಕೆಲಸ. ಸುಗಂಧರಾಜಕ್ಕೂ ಇದೇ ಕಾಟವಿದೆ, ಆದರೆ ಅಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಳೆಯ ದಾರಿಯಲ್ಲೇ ಗೆದ್ದಿತು. ಸಂಕರದಿಂದ ಬಂದ ಅದರ ‘ಶೃಂಗಾರ್’ ತಳಿ ಈ ಹುಳುವನ್ನು ತಾಳಿಕೊಳ್ಳುತ್ತದೆ. ಡೆಲ್ಲಿ ಕನಕಾಂಬರಕ್ಕೆ ಆ ದಾರಿ ಮುಚ್ಚಿದೆ. ಅದು ತ್ರಿಗುಣಿತ, ಪ್ರತಿ ವರ್ಣತಂತುವಿನ ಮೂರು ಪ್ರತಿಗಳಿರುವ ಗಿಡ, ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು.

ಕಿರು ಆರ್‌ಎನ್‌ಎಗೆ ತಕ್ಕ ಕೆಲಸ ಇದು. ಹುಳುವಿಗೆ ಅಗತ್ಯವಾದ ವಂಶವಾಹಿಯೊಂದರ ವಿರುದ್ಧ ಗಿಡವೇ ಕಿರು ತುಂಡುಗಳಾಗುವ ಜೋಡಿ ಎಳೆಯ ಆರ್‌ಎನ್‌ಎ ತಯಾರಿಸಿದರೆ, ಬೇರು ಹೀರಿದ ಹುಳು ಅದನ್ನೂ ನುಂಗುತ್ತದೆ. ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಅರಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಹೀಗೆ ಮಾಡಿದಾಗ ಬೇರುಗಂಟು ಹುಳುವಿನ ನಾಲ್ಕು ಪ್ರಭೇದಗಳಿಗೆ ಗಿಡ ತಡೆಯೊಡ್ಡಿತು. ಫೈರ್ ಮತ್ತು ಮೆಲ್ಲೊ ನೋಡಿದ ಹುಳುವಿನ ದೂರದ ಬಂಧುವೇ ಈ ಬೇರುಗಂಟು ಹುಳು. ಪ್ರಯೋಗಾಲಯದ ಕಳೆಗಿಡದಿಂದ ಹೊಲದ ಕನಕಾಂಬರಕ್ಕೆ ದಾರಿ ದೂರವಿದೆ. ಇಂಥ ಗಿಡ ಕುಲಾಂತರಿಯೇ ಆದ್ದರಿಂದ 2022ರ ವಿನಾಯಿತಿಯೂ ಸಿಗದು. ಅನುಮತಿಯ ಎಲ್ಲ ಮೆಟ್ಟಿಲನ್ನೂ ಹತ್ತಬೇಕು. ಕಂಪನಿಗಳು ಇದಕ್ಕೆ ಕೈಹಾಕುವುದು ಕಷ್ಟ: ಒಮ್ಮೆ ಒಂದು ಗಿಡ ಸರಿಹೋದರೆ ರೈತ ಕಡ್ಡಿ ಮುರಿದು ನೆರೆಯವನಿಗೂ ಕೊಡುತ್ತಾನೆ, ಮರುವರ್ಷ ಕೊಳ್ಳಲು ಬರುವುದಿಲ್ಲ. ಆ ಕಾರಣಕ್ಕೇ ಇದನ್ನು ಹೆಸರಘಟ್ಟದಂಥ ಸರ್ಕಾರಿ ಸಂಸ್ಥೆ ಮಾಡಬೇಕು.