ಹತ್ತು ಮೀಟರ್ ನಡೆದರೆ ಸಾಕೆ?

2025ರ ಜನವರಿಯಲ್ಲಿ ಪುಣೆಯಲ್ಲಿ ಕಾಯಿಲೆ ಹರಡಿದಾಗ ಜಿಬಿಎಸ್, ಅಂದರೆ ಗಿಲ್ಲನ್ ಬಾರೆ ಸಿಂಡ್ರೋಮ್, ನಮ್ಮಲ್ಲೂ ಮನೆಮಾತಾಯಿತು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆಯಿದು. ಇದರ ಚೇತರಿಕೆ ಅಳೆಯಲು ವೈದ್ಯರು ಹೆಚ್ಚಾಗಿ ನೆಚ್ಚಿರುವುದು 1978ರಲ್ಲಿ ರಿಚರ್ಡ್ ಹ್ಯೂಸ್ ಮತ್ತು ಸಂಗಡಿಗರು ರೂಪಿಸಿದ ಅಳತೆಗೋಲನ್ನು. 0 ಅಂದರೆ ಆರೋಗ್ಯ, 6 ಅಂದರೆ ಸಾವು. ಇಂದಿನ ಬಳಕೆಯಂತೆ, ಆಸರೆಯಿಲ್ಲದೆ 10 ಮೀಟರ್ ನಡೆಯಬಲ್ಲ, ಆದರೆ ಓಡಲಾಗದ ರೋಗಿಗೆ 2.

ಈ ಅಳತೆಗೋಲಿನ ಗುಣ ದೊಡ್ಡದು. ಯಂತ್ರ ಬೇಡ, ಯಾವ ವಾರ್ಡಿನಲ್ಲಾದರೂ ನಿಮಿಷದಲ್ಲಿ ಮುಗಿಯುತ್ತದೆ. ಪ್ಲಾಸ್ಮಾ ಬದಲಾವಣೆ, ಇಮ್ಯುನೊಗ್ಲೋಬುಲಿನ್ ಫಲ ಕೊಡುತ್ತವೆ, ಸ್ಟೀರಾಯ್ಡ್ ಮಾತ್ರೆ ಕೊಡುವುದಿಲ್ಲ ಎಂದು ತಿಳಿದದ್ದೂ ಇಂಥ ಅಳತೆಯಿಂದಲೇ.

ಆದರೆ ಅದು ನೋಡುವುದು ಕಾಲನ್ನು, ಕೈಯನ್ನಲ್ಲ. 2 ಅಂಕ ಪಡೆದು ಮನೆಗೆ ಬಂದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಅಡುಗೆಮನೆಯವರೆಗೆ ನಡೆದೇ ಹೋಗುತ್ತಾಳೆ. ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿಬಿದ್ದಿದೆ. ಸೀರೆಯ ನೆರಿಗೆ ಬೆರಳ ಸಂದಿಯಿಂದ ಜಾರುತ್ತದೆ, ರವಿಕೆಯ ಹುಕ್ಕು ಸಿಗುವುದಿಲ್ಲ, ಕಲಸಿದ ಅನ್ನದ ತುತ್ತು ಬಾಯಿಗೆ ಬರುವಷ್ಟರಲ್ಲಿ ಒಡೆದುಹೋಗುತ್ತದೆ.

ನರದ ಹೊದಿಕೆಯಾದ ಮಯಲಿನ್ ಮಾತ್ರ ಕೆಟ್ಟಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗಿನ ತಂತುವೇ ಕಡಿದಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಬೆನ್ನಿನ ಬುಡದಲ್ಲೇ ಕಡಿದಿದ್ದರೆ ಪಾದ ಮುಟ್ಟಲು ವರ್ಷಗಳೇ ಬೇಕು. ಅಷ್ಟರಲ್ಲಿ ನರದ ಸಂಪರ್ಕ ತಪ್ಪಿದ ಸ್ನಾಯು ಸೊರಗಿ, ಕ್ರಮೇಣ ಅದರ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಉಳಿದ ತಂತುಗಳು ಕವಲೊಡೆದು ಪಕ್ಕದ ಅನಾಥ ಸ್ನಾಯುತಂತುಗಳನ್ನೂ ಸಲಹುತ್ತವೆ. ಬಲ ಮರಳುವುದು ಎಷ್ಟೋ ಮಟ್ಟಿಗೆ ಹೀಗೆಯೇ. ಈ ನಿಧಾನದ ದುಡಿಮೆಯೆಲ್ಲ ಹ್ಯೂಸ್ ಅಂಕಕ್ಕೆ ಕಾಣುವುದೇ ಇಲ್ಲ. ತಿಂಗಳುಗಟ್ಟಲೆ ಅದು 2ರಲ್ಲೇ ನಿಂತಿರುತ್ತದೆ.

2011ರಲ್ಲಿ ಬಂದ ಐ-ರಾಡ್ಸ್ ಎಂಬ 24 ಪ್ರಶ್ನೆಗಳ ಪಟ್ಟಿ ದಿನನಿತ್ಯದ ಕೆಲಸಗಳನ್ನು ಕೇಳಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ತೀವ್ರ ಹಂತಕ್ಕೆ ಹ್ಯೂಸ್ ಅಳತೆ ಇರಲಿ. ಫಿಸಿಯೋಥೆರಪಿ ಯಾವಾಗ ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಮಾತ್ರ ಅದಕ್ಕೆ ಬೇಡ. ‘ನಡೀತೀರಾ?’ ಎಂದು ಕೇಳಿದ ವೈದ್ಯರು ‘ಅನ್ನ ಕಲಸಿ ಉಣ್ತೀರಾ?’ ಎಂದೂ ಕೇಳಲಿ.