ಜವೆಗೋಧಿಯ ಹೊಟ್ಟು ಮತ್ತು ಹೊಗಳಿಕೆ

ಜವೆಗೋಧಿಗೆ ಈಗ ದೊರೆತಿರುವ ಕೀರ್ತಿಯಲ್ಲಿ ಅರ್ಧಾಂಶ ಅದಕ್ಕೆ ಸಲ್ಲತಕ್ಕದ್ದಲ್ಲ. ಸಲ್ಲತಕ್ಕ ಕೀರ್ತಿಯೋ, ಅದನ್ನು ಕೊಡುವವರಿಲ್ಲ. ಖಪಲಿಯೆಂಬ ಹೆಸರಿನಿಂದ ನಗರದ ಅಂಗಡಿಗಳು ಅದರ ಹಿಟ್ಟನ್ನು ಸಾಮಾನ್ಯ ಗೋಧಿಹಿಟ್ಟಿಗಿಂತ ಬಹಳ ಹೆಚ್ಚಿನ ಬೆಲೆಗೆ ಮಾರತೊಡಗಿದಂದಿನಿಂದ, ಚಿಕ್ಕೋಡಿ, ರಾಯಬಾಗ, ಅಥಣಿಗಳಂಥ ಅದರ ತವರುಸೀಮೆಯಲ್ಲಿಯೂ, ಹಿತ್ತಿಲಿನ ಒಂದೆರಡು ಗುಂಟೆಯಲ್ಲಿ ಅದನ್ನು ಬಿತ್ತಿ, ಮನೆಯ ಹಿಟ್ಟನ್ನು ಮನೆಯಲ್ಲಿಯೇ ಪಡೆಯಬೇಕೆಂಬ ಉತ್ಸಾಹವೂ, ಆ ಉತ್ಸಾಹವನ್ನು ಕೊಂಡಾಡುವ ಬರಹಗಳೂ ಹಬ್ಬಿವೆ. ಬೆಳೆಯುವುದರ ಬಗ್ಗೆ ನನ್ನ ತಕರಾರಿಲ್ಲ; ನನ್ನ ತಕರಾರು ಹಿಟ್ಟಿನ ಬಗ್ಗೆ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ನಾಡಿನಲ್ಲಿ ನಿತ್ಯದ ಅನ್ನವೆಂದರೆ ಜೋಳದ ರೊಟ್ಟಿ. ನಿಪ್ಪಾಣಿಯ ಕಡೆ ತಂಬಾಕು, ಕಾಗವಾಡದ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾದ ತರುವಾಯ ಹೊಳೆದಂಡೆಗುಂಟ ಕಬ್ಬು, ಹೀಗೆ ಹೊಲಗಳ ಚಹರೆ ಎಷ್ಟೇ ಬದಲಾದರೂ, ಗೋಧಿಗೆ ಇಲ್ಲಿಯ ಅಡಿಗೆಮನೆ ಕೊಟ್ಟ ಸ್ಥಾನ ಜಾತ್ರೆಯದು, ಮದುವೆಯದು, ಮಠದ ದಾಸೋಹದ್ದು. ಹುಗ್ಗಿ, ಮಾದಲಿ, ಸಜ್ಜಕ, ಶಾವಿಗೆ: ಜವೆಗೋಧಿ ತನ್ನ ಗುಣವನ್ನು ತೋರಿದ್ದು ಇವುಗಳಲ್ಲಿ. ಇವುಗಳಲ್ಲಿ ಒಂದಕ್ಕೂ ನುಣುಪಾದ ಚಪಾತಿಹಿಟ್ಟು ಬೇಕಿಲ್ಲ. ಗಡುಸಾದ, ಕೆಂಪುಛಾಯೆಯ ಆ ಕಾಳು ಸ್ವಭಾವತಃ ರವೆಯಾಗಬಯಸುತ್ತದೆ. ಅದರ ಹಿಟ್ಟಿನ ಕಣಕಕ್ಕೆ ಜಿಗಿ ಕಡಿಮೆ, ಎಳೆದರೆ ಹರಿಯುತ್ತದೆ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಅದನ್ನು ಪ್ರತಿದಿನದ ಹಿಟ್ಟಿನ ಡಬ್ಬಿಗೆ ಇಳಿಸಹೊರಟವರು ಪರಂಪರೆಯ ಹೆಸರಿನಲ್ಲಿ ಪರಂಪರೆಯಲ್ಲಿಲ್ಲದ್ದನ್ನು ಮಾಡುತ್ತಿದ್ದಾರೆ.

ಬಿತ್ತನೆ, ನೀರು, ಕೊಯ್ಲುಗಳ ವಿಷಯವನ್ನು ಎರೆಭೂಮಿಯ ಓದುಗರಿಗೆ ನಾನು ಬೋಧಿಸಬೇಕಾಗಿಲ್ಲ. ನಾನು ನಿಲ್ಲಬೇಕಾದ ಸ್ಥಳ ಕೊಯ್ಲಿನ ನಂತರದ್ದು. ಹೊಗಳಿಕೆಯ ಬರಹಗಳು ಒಂದೇ ವಾಕ್ಯದಲ್ಲಿ ಹಾರಿಹೋಗುವ ಸ್ಥಳವೂ ಅದೇ. ಸಾಮಾನ್ಯ ಗೋಧಿಯ ತೆನೆಯನ್ನು ಬಡಿದರೆ ಕಾಳು ಬರಿದಾಗಿ ಉದುರುತ್ತದೆ. ಜವೆಗೋಧಿಯದು ಹಾಗಲ್ಲ. ಬಡಿದಾಗ ತೆನೆಯ ದಿಂಡೇ ಗೆಣ್ಣುಗೆಣ್ಣಿಗೆ ಮುರಿದು, ಎರಡೆರಡು ಕಾಳನ್ನು ಒಳಗಿಟ್ಟುಕೊಂಡ ಬಿಗಿಯಾದ ಗೂಡುಗಳಾಗಿ ಬೀಳುತ್ತದೆ. ಬಿತ್ತುವಾಗಲೂ ಆ ಗೂಡನ್ನೇ ಮಣ್ಣಿಗೆ ಹಾಕುವುದು ವಾಡಿಕೆ. ಗೂಡಿನಿಂದ ಕಾಳನ್ನು ಬಿಡಿಸುವುದೇ ಈ ಧಾನ್ಯದ ನಿಜವಾದ ವಿದ್ಯೆ.

ಒಳಕಲ್ಲಿಗೆ ಹಾಕುವ ಮುನ್ನ ಗೋಧಿಗೆ ನೀರು ಚಿಮುಕಿಸಿ, ಕೈಯಿಂದ ಮೇಲುಕೆಳಗು ಮಾಡಿ, ಸ್ವಲ್ಪ ಹೊತ್ತು ಮುಚ್ಚಿಡಬೇಕು. ನೀರು ಕಡಿಮೆಯಾದರೆ ಹೊಟ್ಟಿನೊಡನೆ ಕಾಳೂ ನುಚ್ಚಾಗುತ್ತದೆ. ಹೆಚ್ಚಾದರೆ ಕಾಳು ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಹದವಾಗಿ ನೆನೆದಾಗ ಹೊಟ್ಟು ತೊಗಲಿನಂತೆ ಮಿದುವಾಗಿ, ಒಡೆಯದೆ ಜಾರತೊಡಗುತ್ತದೆ. ಆಗಲೂ ಒನಕೆಯ ಪೆಟ್ಟು ಕಲ್ಲಿಗೆ ತಾಗಬಾರದು. ಗುಂಡಿಯ ತುಂಬ ಗೋಧಿ ಇರಬೇಕು, ಏಕೆಂದರೆ ಹೊಟ್ಟನ್ನು ಬಿಡಿಸುವುದು ಒನಕೆಯ ಬಲಕ್ಕಿಂತ ಹೆಚ್ಚಾಗಿ ಕಾಳಿಗೆ ಕಾಳು ಉಜ್ಜುವ ಘರ್ಷಣೆ. ಕುಟ್ಟಿ, ಮೊರದಲ್ಲಿ ಕೇರಿ, ಬಿಡದೆ ಉಳಿದ ಗೂಡುಗಳನ್ನು ಆರಿಸಿ, ಮತ್ತೆ ಕುಟ್ಟಬೇಕು. ಹುಗ್ಗಿಗಾದರೆ ಇಲ್ಲಿಗೆ ಕೆಲಸ ಮುಗಿಯಿತು: ಅಲ್ಲೊಂದು ಇಲ್ಲೊಂದು ಕಾಳು ಒಡೆದಿದ್ದರೂ ಬೇಯುವಾಗ ಅದು ರಸಕ್ಕೆ ಮಂದತೆಯನ್ನೇ ಕೊಡುತ್ತದೆ.

ಹಿಟ್ಟಿಗಾದರೆ ಕಷ್ಟ ಇಲ್ಲಿಂದಲೇ ಆರಂಭ. ನೆನೆದ ಕಾಳನ್ನು ಬಿಸಿಲಿಗೆ ಹರವಿ ಪೂರ್ತಿ ಒಣಗಿಸದೆ ಗಿರಣಿಗೆ ಒಯ್ಯುವಂತಿಲ್ಲ. ಒಯ್ದ ಮೇಲೆಯೂ, ಕಣ್ತಪ್ಪಿ ಉಳಿದ ಹೊಟ್ಟಿನ ಚೂರು ಹಿಟ್ಟಿನೊಳಗೆ ಸೇರಿ ತುತ್ತಿನಲ್ಲಿ ಚುಚ್ಚುವುದರಿಂದ, ಮನೆಯವರು ಸಣ್ಣ ಕಣ್ಣಿನ ಜರಡಿ ಹಿಡಿಯುತ್ತಾರೆ. ಜರಡಿ ಹೊಟ್ಟಿನೊಡನೆ ತೌಡನ್ನೂ ತಡೆದು ನಿಲ್ಲಿಸುತ್ತದೆ. ಯಾವ ನಾರಿನಂಶಕ್ಕಾಗಿ ಈ ಗೋಧಿಯನ್ನು ಸ್ತುತಿಸಲಾಯಿತೋ ಅದರ ಬಹುಪಾಲು ಹೀಗೆ ಎಮ್ಮೆಯ ಬಾಯಿಗೆ ಸೇರುತ್ತದೆ. ಎಮ್ಮೆಯ ಆರೋಗ್ಯದ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಇಷ್ಟೆಲ್ಲ ಕುಟ್ಟುವ ರಟ್ಟೆ ಯಾರದೆಂಬ ಪ್ರಶ್ನೆಯನ್ನು ಸ್ತೋತ್ರಕಾರರು ಕೇಳಿಕೊಂಡಂತೆ ಕಾಣುವುದಿಲ್ಲ. ಒನಕೆ ಹಿಡಿದ ತಾಯಂದಿರು ಈ ಬರಹಗಳನ್ನು ಬರೆದಿದ್ದರೆ ಅವು ಇಷ್ಟು ಉದ್ದವಾಗಿಯೂ ಇಷ್ಟು ಸಿಹಿಯಾಗಿಯೂ ಇರುತ್ತಿರಲಿಲ್ಲ.

ಇನ್ನು ಈ ಗೋಧಿಯ ಬಗ್ಗೆ ಬರೆಯುವ ವಿಮರ್ಶಕ ಬಂಧುಗಳ ಮಾತು. ಒಂದು ಪಂಗಡದವರಿಗೆ ಪ್ರಾಚೀನತೆಯೇ ಸರ್ವಸ್ವ. ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯದಲ್ಲಿ ಮನುಷ್ಯನು ಮೊದಲು ಒಕ್ಕಲುತನಕ್ಕೆ ಒಳಪಡಿಸಿದ ಧಾನ್ಯಗಳಲ್ಲಿ ಈ ಜಾತಿಯೂ ಒಂದೆಂಬುದು ನಿಜ. ಈಜಿಪ್ತಿನ ಅರಸರ ಕಾಲದ ರೊಟ್ಟಿ ಇದರದೇ ಎಂಬುದೂ ನಿಜ. ಆದರೆ ನಮ್ಮ ರೈತರ ಕೈಗೆ ಇಂದು ಬರುವ ಬೀಜ ಅನೇಕ ವೇಳೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿ. ಎತ್ತರವಾಗಿ ಬೆಳೆದು ನೆಲಕ್ಕೊರಗುತ್ತಿದ್ದ ಹಳೆಯ ಜವೆಯ ದೋಷವನ್ನು ನೀಗಿಸಲೆಂದು ನಮ್ಮ ಕಾಲದ ವಿಜ್ಞಾನಿಗಳು ಶ್ರಮಪಟ್ಟು ರೂಪಿಸಿದ್ದು. ಅದು ಕುಂದಲ್ಲ, ಶ್ಲಾಘ್ಯವಾದ ಕಾರ್ಯ. ಆ ಶ್ರಮದ ಫಲವನ್ನು ಉಂಡು ಫೇರೋನಿಗೆ ಕೃತಜ್ಞತೆ ಹೇಳುವುದು ಮಾತ್ರ ವಿಚಿತ್ರ.

ಎರಡನೆಯ ಪಂಗಡದವರು ಹೆಚ್ಚು ಅಪಾಯಕಾರಿಗಳು. ಕಣಕಕ್ಕೆ ಜಿಗಿ ಕೊಡುವ ಗ್ಲುಟೆನ್ ಜವೆಗೋಧಿಯಲ್ಲಿ ಇಲ್ಲವೆಂದು ಅವರು ಸಾರುತ್ತಾರೆ. ಇದೆ, ಅದರ ಬಲ ಕಡಿಮೆ, ಅಷ್ಟೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗವುಳ್ಳವನಿಗೆ ಈ ಗೋಧಿಯೂ ವರ್ಜ್ಯವೇ, ಮತ್ತು ಆತನನ್ನು ನಂಬಿಸಿ ಉಣ್ಣಿಸುವವನು ಅಪರಾಧಿ. ಸಕ್ಕರೆ ರೋಗಿಗಳಿಗೆ ಇದು ಸಾಮಾನ್ಯ ಗೋಧಿಗಿಂತ ಮೇಲೆಂಬ ಮಾತಿನಲ್ಲಿ ತಥ್ಯಾಂಶವುಂಟು; ಆದರೆ ಬೆಲ್ಲ ಸುರಿದ ಹುಗ್ಗಿಯ ಬಟ್ಟಲ ಮುಂದೆ ಕುಳಿತವರು ಆ ವಾದವನ್ನು ಎತ್ತದಿರುವುದು ಲೇಸು.

ಮೂರನೆಯವರು ನನಗೆ ಮಿತ್ರರಾಗಬೇಕಾಗಿದ್ದವರು, ಲೆಕ್ಕದವರು. ಒಂದು ಗುಂಟೆಯೆಂದರೆ 1,089 ಚದರಡಿ. ಎಕರೆಗೆ 16 ಕ್ವಿಂಟಲ್ ಎಂದು ಧಾರಾಳವಾಗಿ ಹಿಡಿದರೂ ಗುಂಟೆಗೆ 40 ಕಿಲೋ. ಕಾಲುಭಾಗ ಹೊಟ್ಟು ಕಳೆದರೆ 30. ದಿನಕ್ಕೆ ಕಿಲೋ ಹಿಟ್ಟು ಬೇಕಾದ ಮನೆಗೆ ಒಂದು ತಿಂಗಳು. ಆದ್ದರಿಂದ ಈ ಉದ್ಯಮವೇ ಹುಚ್ಚೆಂದು ಅವರ ತೀರ್ಪು. ಲೆಕ್ಕ ಸರಿ, ತೀರ್ಪು ತಪ್ಪು. ಏಕೆಂದರೆ ಅವರೂ ಹಿಟ್ಟಿನ ಅಳತೆಗೋಲನ್ನೇ ಹಿಡಿದಿದ್ದಾರೆ. ಅದೇ 30 ಕಿಲೋ ಹುಗ್ಗಿಗೂ ಸಜ್ಜಕಕ್ಕೂ ಶಾವಿಗೆಗೂ ವರ್ಷದ ಎಲ್ಲ ಹಬ್ಬಗಳನ್ನು ದಾಟಿಸಿ ಉಳಿಯುತ್ತದೆ. ಗೂಡಿನೊಳಗಿನ ಕಾಳಿಗೆ ಹುಳುವಿನ ಉಪದ್ರವವೂ ಕಡಿಮೆಯಾದ್ದರಿಂದ, ಬೇಕಾದಾಗ ಬೇಕಾದಷ್ಟೇ ಕುಟ್ಟಿಕೊಂಡರೆ ಸಾಕು. ಆಗ ಹೊಟ್ಟು ಶ್ರಮದ ಹೊರೆ ಮಾತ್ರವಲ್ಲ, ಕಣಜದ ಕಾವಲೂ ಆಗುತ್ತದೆ.

ನಮ್ಮಲ್ಲಿ ಯಾರೂ ಹೊಗಳದ ಗುಣವೊಂದಿದೆ. ತುಕ್ಕುರೋಗವನ್ನು ತಡೆಯುವ ಶಕ್ತಿಯಲ್ಲಿ ನಮ್ಮ ಖಪಲಿ ಜಗತ್ಪ್ರಸಿದ್ಧ. ಅಮೆರಿಕದ ಮಿನ್ನೆಸೋಟದಲ್ಲಿ ಸಸ್ಯರೋಗತಜ್ಞರಾದ ಸ್ಟಾಕ್‌ಮನ್ ಮತ್ತು ಲೆವಿನ್ ಅವರು 1922ರಲ್ಲಿ ಕಾಂಡದ ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಆರಿಸಿಕೊಂಡ ಹನ್ನೆರಡು ಗೋಧಿಗಳಲ್ಲಿ ಖಪಲಿಯೂ ಒಂದು. ಎಸ್ಆರ್ 14 ಎಂದು ಹೆಸರಿಸಲ್ಪಟ್ಟ ನಿರೋಧಕ ಜೀನ್ ಬಂದುದೂ ಅದರಿಂದಲೇ. ಹೊರನಾಡಿನ ಪಂಡಿತರು ಒಂದು ಶತಮಾನದ ಹಿಂದೆ ಕಂಡುಕೊಂಡ ಈ ಮಹಿಮೆ, ಹಿಟ್ಟಿನ ಚೀಲದ ಮೇಲೆ ಅಚ್ಚಾದ ನೂರು ಗುಣಗಳ ನಡುವೆ ಒಮ್ಮೆಯೂ ಕಾಣಿಸಲಿಲ್ಲ.

ಹಿತ್ತಿಲುಳ್ಳ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಅಕ್ಟೋಬರ್ ಕೊನೆಗೆ ಒಂದು ಗುಂಟೆ ಜವೆಗೋಧಿಯನ್ನು ಅವಶ್ಯವಾಗಿ ಬಿತ್ತಿರಿ, ಮುಂದಿನ ಹಂಗಾಮಿಗೆ ಮೂರು ಕಿಲೋವನ್ನು ಹೊಟ್ಟಿನೊಡನೆಯೇ ತೆಗೆದಿಡಿರಿ, ಉಳಿದುದನ್ನು ಗಿರಣಿಗೆ ಒಯ್ಯಬೇಡಿರಿ. ಮತ್ತು ಕುಟ್ಟುವ ದಿನ ಮನೆಯ ಗಂಡಸರೂ ಒನಕೆ ಹಿಡಿಯಲಿ.