ಕಾಂಕ್ರೀಟಿನ ಡೇರೆ ಮತ್ತು ಜೆನಿನ್‌ನ ಓಣಿ

ಡೇರೆ ಬಟ್ಟೆಯದು, ಹೊರಡುವ ದಿನ ಬಂದರೆ ಮಡಚಿ ಹೆಗಲಿಗೇರಿಸಬಹುದು. 2015ರಲ್ಲಿ ವಾಸ್ತುಶಿಲ್ಪಿ ದಂಪತಿ ಸ್ಯಾಂಡಿ ಹಿಲಾಲ್ ಮತ್ತು ಅಲೆಸ್ಸಾಂಡ್ರೊ ಪೆಟ್ಟಿ ಬೆತ್ಲೆಹೆಮ್ ಬಳಿಯ ಧೈಶೆ ನಿರಾಶ್ರಿತರ ಶಿಬಿರದಲ್ಲಿ ಡೇರೆಯನ್ನೇ ಕಾಂಕ್ರೀಟಿನಲ್ಲಿ ಕಟ್ಟಿದರು. ಜನ ಅಲ್ಲಿ ಕೂಡಿ ಮಾತಾಡಲಿ, ಕಲಿಯಲಿ ಎಂಬುದು ಉದ್ದೇಶ. ಈ ಕೃತಿಯ ಶಕ್ತಿ ಯಾವುದು, ಅದು ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಇಲ್ಲಿ ನೋಡಲು ಬಯಸುತ್ತೇನೆ.

1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ 194ನೇ ನಿರ್ಣಯ ಅವರಲ್ಲಿ ಮರಳಲು ಬಯಸುವವರಿಗೆ ಅವಕಾಶ ಕೊಡಬೇಕೆಂದು ಹೇಳಿತು. ಹಿಂತಿರುಗುವುದು ಸಾಧ್ಯವಾಗಲಿಲ್ಲ. 1949ರಲ್ಲಿ ಧೈಶೆಯಲ್ಲಿ ಡೇರೆಗಳು ಎದ್ದವು. ಐವತ್ತರ ದಶಕದಲ್ಲಿ ಅವುಗಳ ಜಾಗಕ್ಕೆ ಸಣ್ಣ ಕೋಣೆಗಳು ಬಂದವು. ಸಂಸಾರ ಬೆಳೆದಂತೆ ಪಕ್ಕದಲ್ಲೊಂದು ಕೋಣೆ, ಜಾಗ ಮುಗಿದ ಮೇಲೆ ಮೇಲೊಂದು ಮಹಡಿ. ನೆಲ ಮಾತ್ರ ಅವರದಲ್ಲ, ಅವರಿಗಿರುವುದು ಬಳಸುವ ಹಕ್ಕಷ್ಟೇ. ಜೊತೆಗೊಂದು ಭಯ: ಗಟ್ಟಿ ಮನೆ ಕಟ್ಟಿಕೊಂಡರೆ ‘ಇವರು ಇಲ್ಲೇ ನೆಲೆಯೂರಿದರು’ ಎಂದು ಲೋಕ ತೀರ್ಮಾನಿಸಿಬಿಟ್ಟರೆ?

ಕಾಂಕ್ರೀಟಿನ ಡೇರೆ ಈ ಭಯಕ್ಕೆ ಉತ್ತರ ಕೊಡುತ್ತದೆ. ಇಂದು ಚೆನ್ನಾಗಿ ಬದುಕುವುದು ನಾಳೆ ಊರಿಗೆ ಮರಳುವ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ ಎನ್ನುತ್ತದೆ. ನಿರಾಶ್ರಿತರೆಂದರೆ ಸದಾ ಬವಣೆಯಲ್ಲೇ ಕಾಣಿಸಬೇಕು ಎಂಬ ನಮ್ಮ ನಿರೀಕ್ಷೆಯನ್ನು ಮುರಿಯುವುದೂ ಸಣ್ಣ ಕೆಲಸವಲ್ಲ. ಆದರೆ ರೂಪಕವೊಂದು ಎರಡು ವಿರುದ್ಧ ಸಂಗತಿಗಳನ್ನು ಸುಲಭವಾಗಿ ಒಂದಾಗಿಸಬಲ್ಲದು. ಓಣಿಗೆ ಆ ಅನುಕೂಲವಿಲ್ಲ. ಓಣಿ ಒಂದೋ ಕಿರಿದಾಗಿರಬೇಕು, ಇಲ್ಲ ಅಗಲವಾಗಿರಬೇಕು.

2002ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆಯ ಬುಲ್ಡೋಜರ್‌ಗಳು ಜೆನಿನ್ ಶಿಬಿರದ ನಡುಭಾಗವನ್ನು ನೆಲಸಮ ಮಾಡಿದವು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅದನ್ನು ಮತ್ತೆ ಕಟ್ಟುವಾಗ ರಸ್ತೆಗಳನ್ನು ಅಗಲಗೊಳಿಸಿತು. ವಾಹನ ಓಡಾಡಬೇಕೆಂಬ ಕಾರಣ ಯಾವ ಊರಿಗಾದರೂ ಒಪ್ಪುವಂಥದ್ದೇ. ಆದರೆ ಇದೇ ದಾರಿಯಲ್ಲಿ ಟ್ಯಾಂಕುಗಳೂ ಬರುತ್ತವೆ ಎಂದು ಶಿಬಿರದೊಳಗಿಂದ ಆಕ್ಷೇಪ ಎದ್ದಿತು. ಇಯಾಲ್ ವೈಜ್‌ಮನ್ ತಮ್ಮ ‘ಹಾಲೊ ಲ್ಯಾಂಡ್’ (2007) ಪುಸ್ತಕದಲ್ಲಿ ಈ ಜಗಳವನ್ನು ಚರ್ಚಿಸಿದ್ದಾರೆ. ಆಕ್ಷೇಪ ಕಲ್ಪನೆಯಿಂದ ಹುಟ್ಟಿದ್ದಲ್ಲ. 1971ರಲ್ಲೇ ಏರಿಯಲ್ ಶರೋನ್ ಗಾಜಾದ ಶಿಬಿರಗಳಲ್ಲಿ ಮನೆಗಳನ್ನು ಕೆಡವಿಸಿ ಸೇನೆಗಾಗಿ ಅಗಲ ರಸ್ತೆ ಮಾಡಿಸಿದ್ದರು. 2025ರ ಜನವರಿಯಿಂದ ಜೆನಿನ್, ತುಲ್ಕರಮ್, ನೂರ್ ಶಮ್ಸ್ ಶಿಬಿರಗಳಲ್ಲಿ ಮತ್ತೆ ಮನೆಗಳು ಉರುಳಿದವು, ದಾರಿಗಳು ಅಗಲವಾದವು; ಸುಮಾರು 40,000 ಜನ ಮನೆ ಬಿಟ್ಟರು.

ಹಾಗಾದರೆ ಕತ್ತಲು ತುಂಬಿದ ಇಕ್ಕಟ್ಟಿನ ಓಣಿಯೇ ಇರಲಿ ಎನ್ನಬೇಕೆ? ದೂರದಲ್ಲಿ ಕೂತು ಹಾಗೆನ್ನುವುದು ನನಗೆ ಸಲ್ಲದ ಮಾತು. ಹಿಲಾಲ್ ಅವರದೇ ಇನ್ನೊಂದು ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಹೆಬ್ರಾನ್ ಬಳಿಯ ಫವ್ವಾರ್ ಶಿಬಿರದಲ್ಲಿ ಸಾರ್ವಜನಿಕ ಚೌಕ ಕಟ್ಟುವ ಮಾತು ಬಂದಾಗ ಜನ ಅನುಮಾನಪಟ್ಟರು. ಹೆಂಗಸರು ಅಲ್ಲಿಗೆ ಬರುವುದು ಹೇಗೆ ಎಂಬುದೂ ಚರ್ಚೆಯಾಯಿತು. ಮಾತುಕತೆಯ ನಂತರ ಸುತ್ತ ಗೋಡೆಯಿರುವ, ಮಾಡಿಲ್ಲದ ಮನೆಯಂಥ ಚೌಕ ರೂಪುಗೊಂಡಿತು. ಪಾಶ್ಚಾತ್ಯ ನಗರಗಳ ತೆರೆದ ಚೌಕದ ಮಾದರಿಗೆ ಅದು ಹೊಂದುವುದಿಲ್ಲ.

ಧೈಶೆಯ ಡೇರೆಗಿಂತ ಫವ್ವಾರ್‌ನ ಈ ಗೋಡೆ ನನಗೆ ದೊಡ್ಡ ಕೃತಿಯಾಗಿ ಕಾಣುತ್ತದೆ. ಡೇರೆಯ ಅರ್ಥವನ್ನು ಅಲ್ಲಿಗೆ ಹೋಗದ ನಾವೂ ಸವಿಯಬಹುದು. ಗೋಡೆ ಬೇಕೋ ಬೇಡವೋ, ಎಷ್ಟು ಎತ್ತರ ಎಂಬುದನ್ನು ಮಾತ್ರ ಅಲ್ಲಿ ಬದುಕುವವರೇ ಹೇಳಬೇಕಿತ್ತು, ಹೇಳಿದರು. ಶಿಬಿರಗಳ ವಾಸ್ತುಶಿಲ್ಪವನ್ನು ಓದುವವರು ಆಕಾರದ ಅರ್ಥಕ್ಕಿಂತ ಮೊದಲು ಅದರ ಅಳತೆಯನ್ನು ಯಾರು ನಿರ್ಧರಿಸಿದರು ಎಂದು ಕೇಳಬೇಕು.